ಸಹಾಯಕ ಹುದ್ದೆಗೆ ಅರ್ಜಿ

ವಿಶ್ವವಿದ್ಯಾನಿಲಯಗಳ ನೇಮಕಾತಿ ಅಧಿಸೂಚನೆಗಳನ್ನು ಹುಡುಕಿ ಹುಡುಕಿ ಓದಿದವರಿಗೆ ಅವುಗಳ ಕೋಷ್ಟಕ ಬಾಯಿಪಾಠವಾಗಿರುತ್ತದೆ. ಕ್ರಮಸಂಖ್ಯೆ, ಹುದ್ದೆಯ ಹೆಸರು, ಹುದ್ದೆಗಳ ಸಂಖ್ಯೆ, ವಿದ್ಯಾರ್ಹತೆ, ವಯೋಮಿತಿ, ವೇತನ. ಪ್ರಾಧ್ಯಾಪಕ ಹುದ್ದೆಗಳಿಗೆ ಒಂದು ಅಧಿಸೂಚನೆ, ‘ಬೋಧಕೇತರ’ ಎಂಬ ತಲೆಬರಹದಡಿ ಇನ್ನೊಂದು. ಎರಡನೆಯದರಲ್ಲಿ ಪ್ರಯೋಗಾಲಯ ಸಹಾಯಕ, ಗ್ರಂಥಾಲಯ ಸಹಾಯಕ, ತಾಂತ್ರಿಕ ಸಹಾಯಕ ಇತ್ಯಾದಿ. ಇವೆರಡರ ನಡುವೆ ಎಲ್ಲೋ, ‘ಯೋಜನೆ ಮುಗಿಯುವವರೆಗೆ ಮಾತ್ರ’ ಎಂಬ ಷರತ್ತನ್ನು ಹೊತ್ತ ಪ್ರಾಜೆಕ್ಟ್ ಅಸಿಸ್ಟೆಂಟ್, ಕ್ಷೇತ್ರ ಸಹಾಯಕ. ಎಂ.ಎ., ಎಂ.ಎಸ್ಸಿ. ಮುಗಿಸಿ ಸಂಶೋಧನೆಯ ಆಸೆ ಇಟ್ಟುಕೊಂಡವರಲ್ಲಿ ಹಲವರು ಮೊದಲು ಅರ್ಜಿ ಹಾಕುವುದು ಇಂಥ ಯಾವುದೋ ‘ಸಹಾಯಕ’ ಹುದ್ದೆಗೇ.

‘ಬೋಧಕೇತರ’ ಎಂಬ ಪದವನ್ನು ಸ್ವಲ್ಪ ನಿಂತು ನೋಡಬೇಕು. ಆ ಹುದ್ದೆಯಲ್ಲಿರುವವರು ಏನು ಮಾಡುತ್ತಾರೆ ಎಂಬುದನ್ನು ಅದು ಹೇಳುವುದಿಲ್ಲ, ಏನು ಮಾಡುವುದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ‘ಸಹಾಯಕ’ ಎಂಬ ಪದವೂ ಹಾಗೆಯೇ. ಅಲ್ಲಿ ಇನ್ನೊಬ್ಬರು ಇದ್ದಾರೆ, ಕೆಲಸ ಅವರದು, ಇವರದು ಕೈಗೂಡಿಸುವುದಷ್ಟೇ ಎಂಬ ಅರ್ಥ ಅದರೊಳಗೆ ಮೊದಲೇ ಸೇರಿಕೊಂಡಿದೆ. ಜ್ಞಾನವನ್ನು ಕಟ್ಟುವವರು ಯಾರು, ಅದಕ್ಕೆ ಕಲ್ಲು ಹೊರುವವರು ಯಾರು ಎಂಬ ಈ ಗೆರೆಯನ್ನು ಯಾರು ಎಳೆದರು? ಅದು ಎಂದಾದರೂ ನಿಜಕ್ಕೆ ಹೊಂದುತ್ತಿತ್ತೇ?

ವಿಜ್ಞಾನದ ಇತಿಹಾಸಕಾರ ಸ್ಟೀವನ್ ಶೇಪಿನ್ 1989ರಲ್ಲಿ ಬರೆದ ಒಂದು ಲೇಖನ ಈ ಪ್ರಶ್ನೆಗೆ ದಾರಿ ತೆರೆಯಿತು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಎಂಬ ಸಿರಿವಂತ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಪಂಪು ಒತ್ತಿದವರು, ಒಲೆ ಉರಿಸಿದವರು, ಅಳೆದವರು, ಬರೆದಿಟ್ಟವರು ಯಾರು ಎಂದು ಶೇಪಿನ್ ಹುಡುಕಿದರು. ಪ್ರಯೋಗ ಸಲೀಸಾಗಿ ನಡೆದಾಗ ಬಾಯ್ಲ್‌ನ ಬರಹದಲ್ಲಿ ಆ ಕೈಯಾಳುಗಳು ಕಾಣುವುದು ಕಡಿಮೆ. ಏನಾದರೂ ಒಡೆದಾಗ, ತಪ್ಪಿದಾಗ ಮಾತ್ರ ಥಟ್ಟನೆ ಪ್ರತ್ಯಕ್ಷರಾಗುತ್ತಾರೆ. ಶೇಪಿನ್ ಅವರನ್ನು ‘ಅದೃಶ್ಯ ತಂತ್ರಜ್ಞ’ ಎಂದು ಕರೆದರು. ಬಾಯ್ಲ್‌ನದು ಸ್ವಂತ ಪ್ರಯೋಗಶಾಲೆ, ಅಲ್ಲಿ ಆಳುಗಳಿದ್ದರು. ಮುಂದೆ ಸಂಶೋಧನೆ ವಿಶ್ವವಿದ್ಯಾನಿಲಯಗಳ ಒಳಗೆ ಬಂದಾಗ ಆಳು ‘ಸಿಬ್ಬಂದಿ’ಯಾದ. ಅವನಿಗೊಂದು ಪದನಾಮ, ಒಂದು ಸಂಬಳ ಗೊತ್ತಾಯಿತು. ಅದೃಶ್ಯತೆ ಹೋಯಿತೇ? ಇದಕ್ಕೆ ಉತ್ತರ ಹುಡುಕಲು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಕ್ಷಣಾಲಯದಷ್ಟು ಚೆನ್ನಾದ ಜಾಗ ಇನ್ನೊಂದಿಲ್ಲ. ಅಲ್ಲಿಯವರು ಎಲ್ಲವನ್ನೂ ಬರೆದಿಟ್ಟಿದ್ದಾರೆ.

ಆ ಕಾಲದಲ್ಲಿ ‘ಕಂಪ್ಯೂಟರ್’ ಎಂಬುದು ಯಂತ್ರದ ಹೆಸರಾಗಿರಲಿಲ್ಲ, ನೌಕರಿಯ ಹೆಸರಾಗಿತ್ತು. ಲೆಕ್ಕ ಹಾಕುವುದಕ್ಕೆಂದು ಕೂಲಿಗೆ ಇಟ್ಟುಕೊಂಡ ವ್ಯಕ್ತಿಯೇ ಕಂಪ್ಯೂಟರ್. 1877ರಲ್ಲಿ ಎಡ್ವರ್ಡ್ ಪಿಕರಿಂಗ್ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರಾದರು. ಆಕಾಶವನ್ನು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರವಾಗಿ ಹಿಡಿಯುವ ವಿದ್ಯೆ ಆಗ ಪಳಗುತ್ತಿತ್ತು. ದೂರದರ್ಶಕದ ಮುಂದೆ ಪಟ್ಟಕವನ್ನು ಇಟ್ಟರೆ ಒಂದೇ ಫಲಕದಲ್ಲಿ ನೂರಾರು ನಕ್ಷತ್ರಗಳ ರೋಹಿತಗಳು, ಅಂದರೆ ಬೆಳಕು ಒಡೆದು ಹರಡಿದ ಗೆರೆಗಳು, ಮೂಡುತ್ತಿದ್ದವು. ಅವುಗಳನ್ನು ಎಣಿಸಿ, ಅಳೆದು, ವಿಂಗಡಿಸಿ ಪಟ್ಟಿ ಮಾಡಬೇಕಿತ್ತು. ಖಗೋಳ ಛಾಯಾಗ್ರಹಣದಲ್ಲಿ ಕೆಲಸ ಮಾಡಿದ್ದ ಹೆನ್ರಿ ಡ್ರೇಪರ್ ಅಕಾಲದಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ಮೇರಿ ಅನ್ನಾ ಡ್ರೇಪರ್ ಗಂಡನ ಹೆಸರಿನಲ್ಲಿ ಈ ಕೆಲಸಕ್ಕೆ 1886ರಿಂದ ಹಣ ಕೊಡತೊಡಗಿದರು. ಫಲಕಗಳು ಗುಡ್ಡೆಯಾದವು. ಅವನ್ನು ನೋಡುವ ಕಣ್ಣುಗಳು ಬೇಕಾದವು.

ಆ ಕಣ್ಣುಗಳಿಗೆ ಪಿಕರಿಂಗ್ ಹೆಂಗಸರನ್ನು ಆರಿಸಿಕೊಂಡರು. ಅವರು ತಾಳ್ಮೆಯಿಂದ, ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರೆ ಎಂಬುದು ಒಂದು ಕಾರಣ. ಒಬ್ಬ ಗಂಡಸಿಗೆ ಕೊಡುವ ಸಂಬಳದಲ್ಲಿ ಹೆಚ್ಚು ಜನ ಹೆಂಗಸರನ್ನು ಇಟ್ಟುಕೊಳ್ಳಬಹುದು ಎಂಬುದು ಇನ್ನೊಂದು. ಸಾಮಾನ್ಯ ಕೂಲಿ ಗಂಟೆಗೆ 25 ಸೆಂಟ್. ವಾರಕ್ಕೆ ಆರು ದಿನ, ದಿನಕ್ಕೆ ಏಳು ಗಂಟೆ. ಲೆಕ್ಕ ಹಾಕಿದರೆ ವಾರಕ್ಕೆ ಹತ್ತೂವರೆ ಡಾಲರ್. ರಾತ್ರಿ ದೂರದರ್ಶಕದ ಬಳಿ ನಿಂತು ಆಕಾಶ ನೋಡುವುದು ಗಂಡಸರ ಕೆಲಸ, ಹಗಲು ಮೇಜಿನ ಮುಂದೆ ಕೂತು ಭೂತಗಾಜು ಹಿಡಿದು ಆ ಫಲಕಗಳನ್ನು ನೋಡುವುದು ಇವರ ಕೆಲಸ.

ಇವರಲ್ಲಿ ಒಬ್ಬರಾದ ವಿಲಿಯಮಿನಾ ಫ್ಲೆಮಿಂಗ್ ಈ ಹುದ್ದೆಗೆಂದು ಅರ್ಜಿ ಹಾಕಿದವರಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನವರು, 1857ರಲ್ಲಿ ಹುಟ್ಟಿದವರು. ಊರಿನಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳಿದ್ದರು. ಮದುವೆಯಾಗಿ ಗಂಡನ ಜೊತೆ ಅಮೆರಿಕಕ್ಕೆ ಬಂದರು. ಗರ್ಭಿಣಿಯಾಗಿದ್ದಾಗಲೇ ಗಂಡ ಬಿಟ್ಟುಹೋದ. ಹೊಟ್ಟೆಪಾಡಿಗೆ ಪಿಕರಿಂಗ್ ಅವರ ಮನೆಯಲ್ಲಿ ಮನೆಗೆಲಸಕ್ಕೆ ಸೇರಿದರು. ಪಿಕರಿಂಗ್ ಅವರನ್ನು ವೀಕ್ಷಣಾಲಯದಲ್ಲಿ ಸ್ವಲ್ಪ ಸ್ವಲ್ಪ ಬರವಣಿಗೆ ಕೆಲಸಕ್ಕೆ ಹಚ್ಚಿದರು. 1881ರಲ್ಲಿ ಅವರ ಕೆಲಸ ಕಾಯಂ ಆಯಿತು. ಮಗನಿಗೆ ಅವರು ಇಟ್ಟ ಹೆಸರು ಎಡ್ವರ್ಡ್ ಪಿಕರಿಂಗ್ ಫ್ಲೆಮಿಂಗ್. ಆ ನೌಕರಿಯ ಋಣವನ್ನು ಅವರು ಎಷ್ಟು ದೊಡ್ಡದೆಂದು ಎಣಿಸಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂದಿನ ಅಧಿಸೂಚನೆಯ ಕೋಷ್ಟಕದಲ್ಲಿ ‘ವಿದ್ಯಾರ್ಹತೆ’ ಎಂಬ ಕಲಮಿನಲ್ಲಿ ಫ್ಲೆಮಿಂಗ್ ಬರೆಯಬಹುದಾದದ್ದು ಏನೂ ಇರಲಿಲ್ಲ. ಆದರೆ 1890ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ರೋಹಿತಗಳನ್ನು ವಿಂಗಡಿಸಿದ ಡ್ರೇಪರ್ ಸೂಚಿ ಪ್ರಕಟವಾದಾಗ ಅದರ ಬಹುಪಾಲು ಕೆಲಸ ಅವರದಾಗಿತ್ತು. ಪಿಕರಿಂಗ್ ಅದನ್ನು ಪೀಠಿಕೆಯಲ್ಲಿ ಒಪ್ಪಿಕೊಂಡಿದ್ದಾರೆ. ಪುಸ್ತಕದ ಕರ್ತೃವಿನ ಜಾಗದಲ್ಲಿ ಮಾತ್ರ ಫ್ಲೆಮಿಂಗ್ ಇಲ್ಲ. 1888ರಲ್ಲಿ ಒಂದು ಫಲಕದ ಮೇಲೆ ಕುದುರೆಯ ತಲೆಯ ಆಕಾರದ ಕಪ್ಪು ನೀಹಾರಿಕೆಯನ್ನು ಗುರುತಿಸಿದವರೂ ಅವರೇ. ಇಂದು ಶಾಲೆಯ ಗೋಡೆಚಿತ್ರಗಳಲ್ಲೂ ಕಾಣುವ ಆ ನೀಹಾರಿಕೆ ಆ ಕಾಲದ ಪ್ರಮಾಣಭೂತ ಸೂಚಿಯಲ್ಲಿ ಸೇರಿದ್ದು ಪಿಕರಿಂಗ್ ಹೆಸರಿನಲ್ಲಿ.

1899ರಲ್ಲಿ ಹಾರ್ವರ್ಡ್ ಫ್ಲೆಮಿಂಗ್ ಅವರನ್ನು ಖಗೋಳ ಛಾಯಾಚಿತ್ರಗಳ ಪಾಲಕಿ ಎಂದು ನೇಮಿಸಿತು. ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಿಂದ ಅಧಿಕೃತ ಪದನಾಮ ಪಡೆದ ಮೊದಲ ಹೆಣ್ಣು ಅವರೇ. ಮರುವರ್ಷ, ಹೊಸ ಶತಮಾನದ ಹೊಸ್ತಿಲಲ್ಲಿ, ವಿಶ್ವವಿದ್ಯಾನಿಲಯದ ದಿನಚರ್ಯೆಯನ್ನು ಮುಂದಿನವರಿಗಾಗಿ ಪೆಟ್ಟಿಗೆಯಲ್ಲಿ ಕಾಪಿಡಲೆಂದು ಹಲವರಿಂದ ದಿನಚರಿ ಬರೆಸಿದರು. ಫ್ಲೆಮಿಂಗ್ ಅದರಲ್ಲಿ ಮನೆಗೆಲಸ, ಅಚ್ಚಿನ ಕರಡು ತಿದ್ದುವುದು, ಫಲಕ ನೋಡುವುದು ಎಲ್ಲವನ್ನೂ ಬರೆದರು, ಸಂಬಳದ ವಿಷಯವನ್ನೂ ಬರೆದರು. ತಮ್ಮ ಸಂಬಳ ವರ್ಷಕ್ಕೆ 1500 ಡಾಲರ್, ಕೆಲವು ಗಂಡಸು ಸಹಾಯಕರಿಗೆ 2500. ನಿರ್ದೇಶಕರ ಬಳಿ ಮಾತೆತ್ತಿದರೆ, ಹೆಂಗಸರ ಮಟ್ಟಿಗೆ ಇದು ಒಳ್ಳೆಯ ಸಂಬಳವೇ ಎಂಬ ಉತ್ತರ. ತನಗೂ ಗಂಡಸರಂತೆ ಸಾಕಬೇಕಾದ ಸಂಸಾರ ಇದೆ ಎಂಬುದು ಇವರಿಗೆ ಹೊಳೆಯುವುದೇ ಇಲ್ಲವೇ ಎಂದು ಅವರು ಅಲ್ಲಿ ಕೇಳಿಕೊಳ್ಳುತ್ತಾರೆ. ಯಾರ ಋಣಕ್ಕೆ ಮಗನಿಗೆ ಹೆಸರಿಟ್ಟರೋ ಅವರ ಬಗೆಗಿನ ಅಸಮಾಧಾನ ಇದು. ಎರಡೂ ನಿಜ. ಪಿಕರಿಂಗ್ ಕೆಟ್ಟ ಮನುಷ್ಯರಾಗಿರಲಿಲ್ಲ. ಹೆಂಗಸರಿಗೆ ಬಾಗಿಲೇ ತೆರೆಯದ ಕಾಲದಲ್ಲಿ ತೆರೆದವರು ಅವರು. ಬಾಗಿಲು ತೆರೆದವರೇ ಒಳಗಿನ ಕೋಣೆ ಎಷ್ಟು ಅಗಲ ಎಂಬುದನ್ನೂ ನಿಶ್ಚಯಿಸಿದರು ಎಂಬುದಷ್ಟೇ ವಿಷಯ.

ಆಂಟೋನಿಯಾ ಮೌರಿ ಇನ್ನೊಂದು ದಾರಿಯಿಂದ ಬಂದವರು. ಅವರು ಹೆನ್ರಿ ಡ್ರೇಪರ್ ಅವರ ಸೋದರ ಸೊಸೆ, ವಾಸರ್ ಕಾಲೇಜಿನ ಪದವೀಧರೆ. 1888ರಲ್ಲಿ ಕೆಲಸಕ್ಕೆ ಸೇರಿದ ಅವರಿಗೆ ಉತ್ತರಾಕಾಶದ ಪ್ರಕಾಶಮಾನ ನಕ್ಷತ್ರಗಳ ರೋಹಿತಗಳನ್ನು ವಿಂಗಡಿಸುವ ಕೆಲಸ ಬಂತು. ಇದ್ದ ವರ್ಗೀಕರಣ ಅವರಿಗೆ ಸಾಲದೆನಿಸಿತು. ಗೆರೆಗಳು ಯಾವುವು ಎಂಬುದಷ್ಟೇ ಅಲ್ಲದೆ ಅವು ಎಷ್ಟು ತೆಳು, ಎಷ್ಟು ಚೂಪು ಎಂಬುದನ್ನೂ ಗುರುತಿಸುವ ತಮ್ಮದೇ ಪದ್ಧತಿಯನ್ನು ಅವರು ಕಟ್ಟಿದರು. ಅದಕ್ಕೆ ಸಮಯ ಹಿಡಿಯಿತು. ಪಟ್ಟಿ ಬೇಗ ಮುಗಿಯಬೇಕೆಂಬುದು ನಿರ್ದೇಶಕರ ಆತುರ. ಮನಸ್ತಾಪ ಬೆಳೆಯಿತು, ಮೌರಿ ವೀಕ್ಷಣಾಲಯ ಬಿಟ್ಟರು. ಬಿಟ್ಟ ಮೇಲೂ ಒಂದು ವಿಷಯದಲ್ಲಿ ಜಗ್ಗಲಿಲ್ಲ: ತಾನು ಆಲೋಚಿಸಿ ಮಾಡಿದ ಕೆಲಸ ತನ್ನ ಹೆಸರಿನಲ್ಲೇ ಬರಬೇಕು. 1897ರಲ್ಲಿ 681 ನಕ್ಷತ್ರಗಳ ಸೂಚಿ ಅಚ್ಚಾದಾಗ ಅದರ ಶೀರ್ಷಿಕೆ ಪುಟದಲ್ಲಿ, ಪಿಕರಿಂಗ್ ಅವರ ನಿರ್ದೇಶನದಲ್ಲಿ ಎಂಬ ಮಾತಿನೊಂದಿಗೆ, ಮೌರಿಯ ಹೆಸರಿತ್ತು. ಆ ವೀಕ್ಷಣಾಲಯದ ವಾರ್ಷಿಕ ಸಂಪುಟಗಳಲ್ಲಿ ಶೀರ್ಷಿಕೆಯ ಜಾಗಕ್ಕೆ ಹೆಣ್ಣಿನ ಹೆಸರೊಂದು ಏರಿದ್ದು ಅದೇ ಮೊದಲು.

ಅದರಿಂದ ಆದದ್ದೇನು? ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಸ್ಪ್ರುಂಗ್ ಆ ಸೂಚಿಯನ್ನು ಓದಿದರು. ಒಂದೇ ಬಣ್ಣದ ನಕ್ಷತ್ರಗಳಲ್ಲಿ ಕೆಲವು ದೈತ್ಯ, ಕೆಲವು ಸಣ್ಣವು ಎಂಬ ಅವರ ಊಹೆಗೆ ಮೌರಿ ಗುರುತಿಸಿದ ಚೂಪು ಗೆರೆಗಳು ಆಧಾರವಾದವು. ಹಾರ್ವರ್ಡಿನ ನಂತರದ ಸೂಚಿಗಳಲ್ಲಿ ಆ ಗುರುತನ್ನು ಕೈಬಿಟ್ಟದ್ದು ಕಂಡು ಅವರು 1908ರಲ್ಲಿ ಪಿಕರಿಂಗ್‌ಗೆ ಪತ್ರ ಬರೆದರು. ತಿಮಿಂಗಿಲಕ್ಕೂ ಮೀನಿಗೂ ಇರುವ ವ್ಯತ್ಯಾಸವನ್ನು ಕಂಡುಕೊಂಡ ಮೇಲೂ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ ಹಾಗಾಯಿತು ಇದು ಎಂಬುದು ಅವರ ಮಾತಿನ ಸಾರ. ವರ್ಷಗಳ ಹಿಂದೆ ಒಬ್ಬ ಸಹಾಯಕಿ ‘ತಡಮಾಡಿ’ ಮಾಡಿದ್ದ ಕೆಲಸಕ್ಕೆ ಇನ್ನೊಂದು ಖಂಡದಿಂದ ಬಂದ ಸಾಕ್ಷಿ ಅದು. ಪುಸ್ತಕದ ಮೇಲೆ ಹೆಸರಿದ್ದುದರಿಂದಲೇ ಆ ಸಾಕ್ಷಿ ಸರಿಯಾದ ವಿಳಾಸಕ್ಕೆ ತಲುಪಿತು.

ಹೆನ್ರಿಯೆಟಾ ಲೆವಿಟ್ ಅವರದು ನಿಜವಾಗಿ ಪತ್ರ ಬರೆದು ಕೇಳಿದ ನೌಕರಿ. ಮುಂದೆ ರಾಡ್‌ಕ್ಲಿಫ್ ಎನಿಸಿಕೊಂಡ ಮಹಿಳಾ ಕಾಲೇಜಿನಲ್ಲಿ 1892ರಲ್ಲಿ ಓದು ಮುಗಿಸಿದ ಅವರು ವೀಕ್ಷಣಾಲಯಕ್ಕೆ ಮೊದಲು ಬಂದದ್ದು ಸಂಬಳವಿಲ್ಲದ ಸ್ವಯಂಸೇವಕಿಯಾಗಿ. ಆಮೇಲೆ ಯುರೋಪು ಪ್ರಯಾಣ, ಕಾಯಿಲೆ, ಮನೆಯ ತೊಂದರೆಗಳಲ್ಲಿ ಕೆಲಸ ನಿಂತಿತು. ಕಿವಿ ಮಂದವಾಗುತ್ತಿತ್ತು. 1902ರಲ್ಲಿ ವಿಸ್ಕಾನ್ಸಿನ್‌ನಿಂದ ಪಿಕರಿಂಗ್‌ಗೆ ಪತ್ರ ಬರೆದು, ಬಿಟ್ಟುಬಂದ ಕೆಲಸವನ್ನು ಮುಂದುವರಿಸುವ ಆಸೆ ತಿಳಿಸಿದರು. ಪಿಕರಿಂಗ್ ಗಂಟೆಗೆ 30 ಸೆಂಟ್ ಕೊಡುವುದಾಗಿ ಹೇಳಿ ಕರೆಸಿಕೊಂಡರು. ಬೇರೆಯವರಿಗಿಂತ 5 ಸೆಂಟ್ ಹೆಚ್ಚು. ಸಂಶೋಧನಾ ನೌಕರಿಗಳ ಚರಿತ್ರೆಯಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡದನ್ನು ಪಡೆದ ನೇಮಕಾತಿ ಇನ್ನೊಂದು ಸಿಗುವುದು ಕಷ್ಟ.

ಬೆಳಕು ಏರಿಳಿಯುವ ನಕ್ಷತ್ರಗಳನ್ನು ಹುಡುಕುವುದು ಅವರ ಪಾಲಿನ ಕೆಲಸ. ಪೆರು ದೇಶದಲ್ಲಿದ್ದ ಹಾರ್ವರ್ಡ್ ಕೇಂದ್ರದಿಂದ ಬರುತ್ತಿದ್ದ ದಕ್ಷಿಣಾಕಾಶದ ಫಲಕಗಳಲ್ಲಿ, ಮೆಗೆಲನ್ ಮೋಡಗಳೆಂದು ಕರೆಯುವ ಎರಡು ನಕ್ಷತ್ರರಾಶಿಗಳ ಒಳಗೆ ಅವರು 1777 ಇಂಥ ನಕ್ಷತ್ರಗಳನ್ನು ಗುರುತಿಸಿ 1908ರಲ್ಲಿ ಪಟ್ಟಿ ಪ್ರಕಟಿಸಿದರು. ಆ ಪಟ್ಟಿಯಲ್ಲೇ ಒಂದು ಸಣ್ಣ ಸಾಲು ಇತ್ತು: ಹೆಚ್ಚು ಬೆಳಗುವ ನಕ್ಷತ್ರಗಳು ಏರಿಳಿಯಲು ಹೆಚ್ಚು ದಿನ ತೆಗೆದುಕೊಳ್ಳುತ್ತವೆ ಎಂಬುದು ಗಮನಾರ್ಹ. 1912ರಲ್ಲಿ 25 ನಕ್ಷತ್ರಗಳನ್ನು ಆರಿಸಿ ಆ ಸಂಬಂಧವನ್ನು ನಕ್ಷೆ ಹಾಕಿ ತೋರಿಸಿದರು. ಆಕಾಶದಲ್ಲಿ ದೂರ ಅಳೆಯುವುದಕ್ಕೆ ಒಂದು ಅಳತೆಗೋಲು ಸಿಕ್ಕಿದ್ದು ಹೀಗೆ. ಏರಿಳಿತಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಎಣಿಸಿದರೆ ನಿಜವಾದ ಪ್ರಕಾಶ ಗೊತ್ತಾಗುತ್ತದೆ, ಕಣ್ಣಿಗೆ ಕಾಣುವ ಪ್ರಕಾಶದ ಜೊತೆ ಅದನ್ನು ಹೋಲಿಸಿದರೆ ದೂರ ತಿಳಿಯುತ್ತದೆ. 1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಅಂಥದೇ ಒಂದು ನಕ್ಷತ್ರ ಕಂಡು, ಅದು ನಮ್ಮ ಹಾಲುಹಾದಿಯ ಆಚೆಗಿನ ಇನ್ನೊಂದು ಗೆಲಾಕ್ಸಿ ಎಂದು ತೋರಿಸಿದ್ದು ಈ ಅಳತೆಗೋಲಿನಿಂದಲೇ.

1912ರ ಆ ಪ್ರಕಟಣೆಯ ಕೊನೆಯಲ್ಲಿ ಸಹಿ ಪಿಕರಿಂಗ್ ಅವರದು. ಒಳಗಿನ ವಿವರಗಳನ್ನು ಮಿಸ್ ಲೆವಿಟ್ ಸಿದ್ಧಪಡಿಸಿದ್ದಾರೆ ಎಂದು ಮೊದಲ ಸಾಲು ಹೇಳುತ್ತದೆ. ಹೆಸರಿದೆ, ಆದರೆ ಸಿದ್ಧಪಡಿಸಿದವರ ಜಾಗದಲ್ಲಿದೆ. ಇದಕ್ಕಿಂತ ಭಾರವಾದ ವಿಷಯ ಇನ್ನೊಂದು. ತಾನು ಕಂಡುಹಿಡಿದದ್ದರ ಬೆನ್ನುಹತ್ತಿ ಹೋಗುವುದು ಲೆವಿಟ್ ಅವರ ಹುದ್ದೆಗೆ ಸೇರಿದ ಕೆಲಸವಾಗಿರಲಿಲ್ಲ. ನಕ್ಷತ್ರಗಳ ಪ್ರಕಾಶಮಾನವನ್ನು ನಿಖರವಾಗಿ ಅಳೆಯುವ ಬೇರೊಂದು ಕೆಲಸಕ್ಕೆ ಅವರನ್ನು ಹಚ್ಚಲಾಯಿತು. ಪಿಕರಿಂಗ್ ಸಿಬ್ಬಂದಿಯನ್ನು ಇಟ್ಟುಕೊಂಡದ್ದು ದುಡಿಯಲಿಕ್ಕೆ, ಆಲೋಚಿಸಲಿಕ್ಕಲ್ಲ ಎಂದು ಮುಂದಿನ ತಲೆಮಾರಿನ ಸಿಸಿಲಿಯಾ ಪೇನ್ ಕಹಿಯಾಗಿಯೇ ನೆನೆದಿದ್ದಾರೆ. ಲೆವಿಟ್ 1921ರ ಡಿಸೆಂಬರಿನಲ್ಲಿ ತೀರಿಕೊಂಡರು. 1925ರಲ್ಲಿ ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಅವರನ್ನು ನೊಬೆಲ್ ಬಹುಮಾನಕ್ಕೆ ಸೂಚಿಸುವ ಯೋಚನೆಯಿಂದ ಹಾರ್ವರ್ಡಿಗೆ ಪತ್ರ ಬರೆದರು. ಅವರು ಬದುಕಿಲ್ಲ ಎಂಬ ಸುದ್ದಿಯೂ ಅವರವರೆಗೆ ತಲುಪಿರಲಿಲ್ಲ.

ಆ ಪೇನ್ ಅವರ ಕತೆಯಂತೂ ‘ವಿದ್ಯಾರ್ಹತೆ’ ಎಂಬ ಕಲಮಿಗೇ ಸವಾಲು. ಫ್ಲೆಮಿಂಗ್ ಬಳಿ ಪದವಿ ಇರಲಿಲ್ಲ, ಪೇನ್ ಬಳಿ ಎಲ್ಲವೂ ಇತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಿ, 1923ರಲ್ಲಿ ಫೆಲೋಶಿಪ್ ಪಡೆದು ಹಾರ್ವರ್ಡಿಗೆ ಬಂದರು. 1925ರ ಅವರ ಪಿಎಚ್.ಡಿ. ಪ್ರಬಂಧ ನಕ್ಷತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಜಲಜನಕ ಎಂಬ ಫಲಿತಾಂಶಕ್ಕೆ ಬಂದಿತ್ತು. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಒಪ್ಪದ ಕಾರಣ ಆ ಫಲಿತಾಂಶ ಬಹುಶಃ ನಿಜವಲ್ಲ ಎಂದು ತಾವೇ ಬರೆದರು. ನಾಲ್ಕು ವರ್ಷಗಳ ಬಳಿಕ ರಸೆಲ್ ಅವರೇ ಅದನ್ನು ನಿಜವೆಂದು ಒಪ್ಪಿದರು. ಇಷ್ಟಾದರೂ ಹಾರ್ವರ್ಡಿನಲ್ಲಿ ಪೇನ್ ಅವರಿಗೆ ಬಹಳ ಕಾಲ ಪ್ರಾಧ್ಯಾಪಕ ವರ್ಗದ ಹುದ್ದೆ ಇರಲಿಲ್ಲ. ಅವರ ಸಂಬಳವನ್ನು ವೀಕ್ಷಣಾಲಯ ಉಪಕರಣಗಳ ಖರ್ಚಿನ ಬಾಬ್ತಿನಿಂದ ಕೊಡುತ್ತಿತ್ತು. ಪಾಠ ಹೇಳುತ್ತಿದ್ದರು, ಆದರೆ ಅವರ ತರಗತಿಗಳು 1945ರವರೆಗೆ ವಿಶ್ವವಿದ್ಯಾನಿಲಯದ ಪಠ್ಯಸೂಚಿಯಲ್ಲಿ ಕಾಣಿಸಿಕೊಳ್ಳಲಿಲ್ಲ. 1956ರಲ್ಲಿ ಅವರು ಪೂರ್ಣ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಮನೆಗೆಲಸದಿಂದ ಶುರುವಾದ ಸರಪಳಿಯೊಂದು ಅಲ್ಲಿಗೆ ಬರಲು ಸುಮಾರು ಎಂಬತ್ತು ವರ್ಷ ಹಿಡಿಯಿತು.

ಇದು ಹೆಂಗಸರಿಗೆ ಮಾತ್ರ ಆದ ಅನ್ಯಾಯವೇ ಎಂದು ಕೇಳಬಹುದು. ಅದೇ ಅಮೆರಿಕದ ಇನ್ನೊಂದು ವಿಶ್ವವಿದ್ಯಾನಿಲಯದ ಕಡತ ಬೇರೆ ಉತ್ತರ ಕೊಡುತ್ತದೆ. ವಿವಿಯನ್ ಥಾಮಸ್ ಕರಿಯ ಯುವಕ, ಬಡಗಿ. ವೈದ್ಯನಾಗಬೇಕೆಂದು ಕಾಲೇಜಿಗಾಗಿ ಕೂಡಿಟ್ಟಿದ್ದ ಹಣ ಆರ್ಥಿಕ ಕುಸಿತದಲ್ಲಿ ಬ್ಯಾಂಕಿನ ಜೊತೆ ಮುಳುಗಿತು. 1930ರ ಫೆಬ್ರವರಿಯಲ್ಲಿ, ಗೆಳೆಯನೊಬ್ಬ ಹೇಳಿದ ಸುಳಿವು ಹಿಡಿದು, ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಾಲಯಕ್ಕೆ ಕೆಲಸ ಕೇಳಿಕೊಂಡು ಹೋದರು. ಕೆಲಸ ಸಿಕ್ಕಿತು. ಪ್ರಾಣಿಗಳ ಮೇಲೆ ಶಸ್ತ್ರಕ್ರಿಯೆ, ರಾಸಾಯನಿಕ ಪರೀಕ್ಷೆ, ದಾಖಲೆ, ಎಲ್ಲವನ್ನೂ ಬೇಗ ಕಲಿತರು. ಆದರೆ ವಿಶ್ವವಿದ್ಯಾನಿಲಯದ ಪುಸ್ತಕದಲ್ಲಿ ತನ್ನ ಪದನಾಮ ಕಟ್ಟಡ ಗುಡಿಸುವ ಕೆಲಸಗಾರನದು ಎಂಬುದು ಆಮೇಲೆ ಗೊತ್ತಾಯಿತು. ಸಂಬಳವೂ ಅದಕ್ಕೆ ತಕ್ಕಂತೆ. ಕರಿಯರಿಗೆಂದು ಆ ಪುಸ್ತಕದಲ್ಲಿ ಬೇರೆ ಕಲಮೇ ಇರಲಿಲ್ಲ.

1941ರಲ್ಲಿ ಬ್ಲೇಲಾಕ್ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ಗೆ ಹೋಗುವಾಗ ಥಾಮಸ್ ಅವರನ್ನೂ ಕರೆದುಕೊಂಡು ಹೋದರು. ಅಲ್ಲಿ ವೈದ್ಯೆ ಹೆಲೆನ್ ಟಾಸಿಗ್, ಹೃದಯದ ಹುಟ್ಟುದೋಷದಿಂದ ಮೈ ನೀಲಿಗಟ್ಟುವ ಮಕ್ಕಳ ಸಮಸ್ಯೆಯನ್ನು ಅವರ ಮುಂದಿಟ್ಟರು. ಪ್ರಯೋಗಾಲಯದಲ್ಲಿ ಸುಮಾರು ಎರಡು ವರ್ಷ ನಾಯಿಗಳ ಮೇಲೆ ಆ ಶಸ್ತ್ರಕ್ರಿಯೆಯನ್ನು ಮಾಡಿ ಮಾಡಿ ದಾರಿ ಕಂಡುಕೊಂಡವರು ಥಾಮಸ್. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣುಮಗುವಿನ ಮೇಲೆ ಬ್ಲೇಲಾಕ್ ಆ ಶಸ್ತ್ರಕ್ರಿಯೆಯನ್ನು ಮೊದಲ ಬಾರಿಗೆ ಮಾಡಿದಾಗ, ಅವರ ಬೆನ್ನ ಹಿಂದೆ ಮೆಟ್ಟಿಲುಮಣೆಯ ಮೇಲೆ ನಿಂತು ಹೆಜ್ಜೆ ಹೆಜ್ಜೆಗೂ ಹೇಳಿಕೊಟ್ಟವರು ಅವರೇ. 1945ರಲ್ಲಿ ಪ್ರಕಟವಾದ ಲೇಖನದಲ್ಲಿ ಬ್ಲೇಲಾಕ್, ಟಾಸಿಗ್ ಇಬ್ಬರ ಹೆಸರಿದೆ. ಥಾಮಸ್ ಹೆಸರಿಲ್ಲ. ಮುಂದೆ ಥಾಮಸ್ ಕಾಲೇಜು ಸೇರಿ ಪದವಿ ಪಡೆಯೋಣವೆಂದು ವಿಚಾರಿಸಿದರು. ಇಷ್ಟು ವರ್ಷದ ಅನುಭವ ಲೆಕ್ಕಕ್ಕಿಲ್ಲ, ಮೊದಲ ವರ್ಷದ ಪಾಠದಿಂದಲೇ ಶುರುಮಾಡಬೇಕು ಎಂದರು. ಓದಿ ವೈದ್ಯನಾಗುವ ಹೊತ್ತಿಗೆ ತನಗೆ ಐವತ್ತಾಗಿರುತ್ತದೆ ಎಂದು ಎಣಿಸಿ ಅವರು ಆಸೆ ಬಿಟ್ಟರು. ದೇಶದ ದೊಡ್ಡ ದೊಡ್ಡ ಶಸ್ತ್ರವೈದ್ಯರಾದ ಹಲವರು ಕೈಚಳಕ ಕಲಿತದ್ದು ಅವರಿಂದ. 1976ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೊದಲು ಕೆಲಸ ಕೇಳಿಕೊಂಡು ಹೋಗಿ ಆಗ 46 ವರ್ಷ ಕಳೆದಿತ್ತು.

ನಮ್ಮಲ್ಲಿಯೂ ಪಟ್ಟಿ ಮಾಡುವ ಹುದ್ದೆಯಲ್ಲಿದ್ದವರೊಬ್ಬರಿಂದಲೇ ಇತಿಹಾಸ ತಿರುಗಿದ ಉದಾಹರಣೆಯಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿ 1891ರಲ್ಲಿ ಸ್ಥಾಪನೆಯಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಅದರ ಅಂಗವಾಯಿತು. ಅದಕ್ಕೂ ಮೊದಲೇ ಅಲ್ಲಿ ಗ್ರಂಥಪಾಲಕರಾಗಿದ್ದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ಓಲೆಗರಿಗಳನ್ನು ಕಾಪಾಡುವುದು, ಓದಿ ನೋಡಿ ಪಟ್ಟಿಗೆ ಸೇರಿಸುವುದು ಅವರ ಕೆಲಸ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆಯ ಕಟ್ಟೊಂದರಲ್ಲಿ, ಶತಮಾನಗಳಿಂದ ಹೆಸರು ಮಾತ್ರ ಉಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಅವರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಇದ್ದ ತಿಳಿವಳಿಕೆಯೇ ಬದಲಾಯಿತು. ಶಾಸ್ತ್ರಿಗಳಿಗೆ ಕೀರ್ತಿ ಸಂದಿತು, ಸಲ್ಲಬೇಕಾದದ್ದೇ. ಕಟ್ಟನ್ನು ಹೊತ್ತು ತಂದ ಆ ಪಂಡಿತರು ಮಾತ್ರ ಇಂದಿಗೂ ‘ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು’ ಆಗಿಯೇ ಉಳಿದಿದ್ದಾರೆ. ಸಹಾಯಕನಿಗೂ ಒಬ್ಬ ಸಹಾಯಕನಿರುತ್ತಾನೆ.

ಹೆಸರು ಬರೆಯುವ ಅಭ್ಯಾಸ ನಮಗೆ ಹೊಸದಲ್ಲ. ಬೇಲೂರಿನ ಶಿಲಾಬಾಲಿಕೆಯರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮನ ಸಹಿ ಹಲವು ಕಡೆ ಸಿಗುತ್ತದೆ. ದಾನ ಕೊಟ್ಟ ಅರಸನ ಹೆಸರಿರುವ ಶಾಸನದಲ್ಲೇ ಅದನ್ನು ಕಂಡರಿಸಿದ ರೂವಾರಿಯ ಹೆಸರೂ ಎಷ್ಟೋ ಸಲ ಇರುತ್ತದೆ. ಓಲೆಗರಿಯ ಪ್ರತಿ ಮಾಡಿದ ಲಿಪಿಕಾರ ಕೊನೆಯ ಗರಿಯಲ್ಲಿ ತನ್ನ ಹೆಸರು, ತಿಥಿ, ವಾರ ಬರೆದು, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ಕೇಳಿಕೊಳ್ಳುತ್ತಾನೆ. ಆ ಸಾಲುಗಳಿಂದಲೇ ಇಂದಿನ ಸಂಶೋಧಕರು ಹಸ್ತಪ್ರತಿಗಳ ಕಾಲ, ಊರುಗಳನ್ನು ನಿರ್ಧರಿಸುತ್ತಾರೆ. ಕೈಯಾಳಿನ ಹೆಸರು ಬರೆದಿಡುವುದು ಅವನಿಗೆ ತೋರುವ ಔದಾರ್ಯ ಮಾತ್ರವಲ್ಲ, ಮುಂದಿನ ವಿದ್ವತ್ತಿಗೆ ಅದು ಸಾಕ್ಷ್ಯವೂ ಹೌದು.

ಕಾಲ ಸ್ವಲ್ಪ ಬದಲಾಗಿದೆ. ಕಳೆದ ದಶಕದಿಂದ ಅನೇಕ ಸಂಶೋಧನಾ ಪತ್ರಿಕೆಗಳು ಲೇಖಕರ ಪಟ್ಟಿಯ ಜೊತೆಗೆ ಯಾರು ಏನು ಮಾಡಿದರು ಎಂಬುದನ್ನೂ ಕೇಳುತ್ತವೆ. ಕ್ರೆಡಿಟ್ ಎಂದು ಕರೆಯುವ ಆ ಪದ್ಧತಿಯಲ್ಲಿ ಪರಿಕಲ್ಪನೆ, ಪ್ರಯೋಗ, ತಂತ್ರಾಂಶ, ದತ್ತಾಂಶದ ಜೋಡಣೆ ಮುಂತಾಗಿ 14 ಬಗೆಯ ಪಾತ್ರಗಳಿವೆ. ಬ್ರಿಟನ್ನಿನಲ್ಲಿ 2017ರಲ್ಲಿ ಹಲವು ವಿಶ್ವವಿದ್ಯಾನಿಲಯಗಳು ತಂತ್ರಜ್ಞರ ಹೆಸರು, ಮನ್ನಣೆ, ಬಡ್ತಿಯ ದಾರಿಗಳ ಬಗ್ಗೆ ಬಹಿರಂಗ ವಾಗ್ದಾನಕ್ಕೆ ಸಹಿ ಹಾಕಿದವು. ಇವೆಲ್ಲ ಒಳ್ಳೆಯವೇ. ಆದರೆ ನಮೂನೆಯ ಕಲಮುಗಳು ಹೆಚ್ಚಾದ ಮಾತ್ರಕ್ಕೆ ಅವು ತಾವಾಗಿಯೇ ತುಂಬಿಕೊಳ್ಳುವುದಿಲ್ಲ.

ಆದ್ದರಿಂದ ಅಂಥ ಹುದ್ದೆಗೆ ಅರ್ಜಿ ತುಂಬುತ್ತಿರುವ ತರುಣ ಓದುಗರಿಗೆ ಈ ಚರಿತ್ರೆಯಿಂದ ತೆಗೆದುಕೊಳ್ಳಬಹುದಾದದ್ದು ಇಷ್ಟು. ‘ಸಹಾಯಕ’ ಎಂಬ ಹೆಸರು ನೋಡಿ ಹಿಂಜರಿಯಬೇಕಿಲ್ಲ. ಪಟ್ಟಿ ಮಾಡುವ, ಪ್ರತಿ ಮಾಡುವ, ಅಳೆಯುವ ಮೇಜಿನಿಂದ ಏನೇನು ಹೊರಟಿದೆ ಎಂಬುದನ್ನು ಮೇಲೆ ನೋಡಿದೆವು. ಆದರೆ ಸಂದರ್ಶನದಲ್ಲಿ ನಿಮ್ಮನ್ನು ಪ್ರಶ್ನೆ ಕೇಳುವಂತೆ ನೀವೂ ಕೇಳಬೇಕಾದ ಪ್ರಶ್ನೆಗಳಿವೆ. ನಾನು ಮಾಡುವ ಕೆಲಸ ಎಲ್ಲಿ, ಯಾರ ಹೆಸರಿನಲ್ಲಿ ಪ್ರಕಟವಾಗುತ್ತದೆ? ಪಟ್ಟಿ ಮಾಡುವಾಗ ನನಗೇನಾದರೂ ಹೊಳೆದರೆ ಅದನ್ನು ಬೆನ್ನುಹತ್ತಲು ಈ ಹುದ್ದೆಯಲ್ಲಿ ಜಾಗ ಇದೆಯೇ? ಯೋಜನೆ ಮುಗಿದ ಮೇಲೆ ನಾನು ಇಲ್ಲಿ ಇದ್ದೆ ಎಂಬುದಕ್ಕೆ ಏನು ಉಳಿಯುತ್ತದೆ? ಮೌರಿ ಈ ಪ್ರಶ್ನೆಯನ್ನು ಕೇಳಿದರು, ಅದಕ್ಕೆ ಬೆಲೆಯನ್ನೂ ತೆತ್ತರು. ಲೆವಿಟ್ ಕೇಳಿದಂತೆ ಕಾಣುವುದಿಲ್ಲ. ಕೇಳಲಾಗದ ಸ್ಥಿತಿಯಲ್ಲಿರುವವರ ಪರವಾಗಿ ಕೇಳುವುದು ಮಾತ್ರ ಮೇಜಿನ ಆಚೆ ಕೂತವರ ಕರ್ತವ್ಯ.

ಹಾರ್ವರ್ಡಿನ ಗಾಜಿನ ಫಲಕಗಳು ಈಗಲೂ ಇವೆ, ಸುಮಾರು ಐದು ಲಕ್ಷ. ಅವುಗಳ ಮೇಲೆ ಆ ಹೆಂಗಸರು ಶಾಯಿಯಿಂದ ಹಾಕಿದ ಬಾಣ, ವೃತ್ತ, ಅಂಕಿಗಳಿದ್ದವು. ಫಲಕಗಳನ್ನು ಡಿಜಿಟಲ್ ಮಾಡುವಾಗ ನಕ್ಷತ್ರಗಳು ಸ್ಪಷ್ಟವಾಗಿ ಕಾಣಲೆಂದು ಆ ಶಾಯಿಯನ್ನು ಒರೆಸಬೇಕಾಯಿತು. ಒರೆಸುವ ಮುಂಚೆ, ಗುರುತುಗಳು ಇದ್ದ ಹಾಗೆಯೇ ಫಲಕಗಳ ಚಿತ್ರ ತೆಗೆದಿಟ್ಟರು. ಅವರ ನೋಟ್‌ಪುಸ್ತಕಗಳು ಎರಡು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಯಾವ ಪುಸ್ತಕದ ಕೈಬರಹ ಯಾರದು ಎಂದು ಗುರುತಿಸಿ, ಅಕ್ಷರ ಬಿಡಿಸಿ ಬರೆಯುವ ಕೆಲಸದಲ್ಲಿ ಸ್ವಯಂಸೇವಕರು ತೊಡಗಿದರು. ಪದನಾಮವೂ ಇಲ್ಲದ, ಸಂಬಳವೂ ಇಲ್ಲದ ಸಹಾಯಕರು, ನೂರು ವರ್ಷ ಹಿಂದಿನ ಸಹಾಯಕರ ಹೆಸರುಗಳನ್ನು ಒಂದೊಂದಾಗಿ ಹುಡುಕಿ ಬರೆದಿಟ್ಟರು.